ದೇವರು ಒಪ್ಪಿಕೊಂಡ ದೂತ

ಬುರಿದಾವ ಕೋಟೆ,
ದೊರೆ ತೀರಿದ ಮೂವತ್ತನೆಯ ದಿನ

ಮಗು ಮುಕಾಪೋರ್,

ಕಿವಿನೋವು ಹೇಗಿದೆ? ಆ ಹೊಳೆಯ ಗಾಳಿ ನಿನಗೆ ಎಂದೂ ಆಗಿಬರಲಿಲ್ಲ. ಗಡಿ ಕಾಯಲು ನಿಂತಾಗ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದುಕೋ. ದೊಡ್ಡ ಮನೆತನದವನೆಂದು ತೋರಿಸಲು ತುದಿ ನೆಟ್ಟಗೆ ನಿಲ್ಲಿಸಬೇಡ. ನಾನು ಗಟ್ಟಿಯಾಗಿದ್ದೇನೆ. ಊಟ ಸೇರುವುದಿಲ್ಲ, ಅಷ್ಟೆ.

ದೊರೆಯ ಕೊಲೆಯ ಸುದ್ದಿ ನಿನಗೆ ಮುಟ್ಟಿರಬೇಕು. ಚಿತೆಯ ಬೂದಿ ಆರುವ ಮೊದಲೇ ಐದು ಕೋಟೆಗಳ ಒಡೆಯರು ರಾಜ್ಯ ಹಂಚಿಕೊಳ್ಳಲು ನಮ್ಮಲ್ಲಿ ಸೇರಿದರು. ಉಪ್ಪಿನ ಗಣಿ ಯಾರಿಗೆ, ಕುದುರೆಗಳ ಹುಲ್ಲುಗಾವಲು ಯಾರಿಗೆ ಎಂದು ಎರಡು ದಿನ ಕಿತ್ತಾಡಿದರು. ಹೊಳೆಯಾಚೆಯ ರೋಮಿನವರು ಇದನ್ನೇ ಕಾಯುತ್ತಿದ್ದಾರೆ ಎಂದು ನಿನ್ನಪ್ಪ ಹೇಳಿದ್ದಕ್ಕೆ ನನ್ನ ತಮ್ಮ, ನಿನ್ನ ಮಾವ ಡಿಯೆಗಿಸ್, ನಕ್ಕುಬಿಟ್ಟ. "ಭಾವ, ಅಷ್ಟು ಅನುಮಾನ ಇದ್ರೆ ನೀವೇ ದೂತರಾಗಿ ಹೋಗಿ ದೇವರನ್ನೇ ಕೇಳ್ಕೊಂಡು ಬನ್ನಿ."

ಅಪ್ಪ ಟೋಪಿ ತೆಗೆದು ನನ್ನ ಮಡಿಲಿಗಿಟ್ಟರು. "ಆಯ್ತು, ಹೋಗ್ತೀನಿ" ಎಂದರು.

ದೇವರ ಬಳಿಗೆ ಕಳಿಸುವ ದೂತನನ್ನು ಮೂರು ಭರ್ಜಿಗಳ ಮೇಲೆ ಎಸೆದಾಗ ಅವನು ಅಲ್ಲೇ ಸತ್ತರೆ ದೇವರು ಒಪ್ಪಿದಂತೆ, ಬದುಕುಳಿದರೆ ನಿರಾಕರಿಸಿದಂತೆ. ನಮ್ಮ ನಿಯಮ ನಿನಗೆ ಗೊತ್ತೇ ಇದೆ. ದೇವರು ಒಪ್ಪಿದರೆ ರಾಜ್ಯ ಒಡೆಯದೆ ದೊರೆಯ ತಮ್ಮನಿಗೇ ತಲೆಬಾಗುತ್ತೇವೆಂದು ಐವರೂ ಆಣೆಯಿಟ್ಟರು. ಮರುದಿನ ಬೆಳಿಗ್ಗೆ ನಿನ್ನಪ್ಪನ ಕೈಕಾಲು ಹಿಡಿದು ತೂಗಿ ಎಸೆದರು. ಒಂದು ಭರ್ಜಿ ಹಿಡಿದಿದ್ದವನು ಡಿಯೆಗಿಸನೇ. ಅವನು ಕಣ್ಣು ಮುಚ್ಚಿಕೊಂಡಿದ್ದ, ನಾನು ಮುಚ್ಚಲಿಲ್ಲ. ಪೂಜಾರಿ ಬಗ್ಗಿ ಅವರ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಎದ್ದು ದೇವರು ಒಪ್ಪಿದನೆಂದ. ಐವರೂ ಮಂಡಿಯೂರಿದರು. ರಾಜ್ಯ ಒಂದಾಗಿಯೇ ಉಳಿಯಿತು, ಮಗು.

ಹೊಳೆಯೂ ಶತ್ರುವಿನ ಬಾಣವೂ ನಿನ್ನನ್ನು ಮುಟ್ಟದಿರಲಿ.

ನಿನ್ನ ಅಮ್ಮ,
ಝಿಯಾ

ಇನ್ನೊಂದು ಮಾತು. ಈ ಪತ್ರ ತರುವ ಉಪ್ಪಿನ ಗಾಡಿಯವನು ಎತ್ತು ಹೂಡುತ್ತಿದ್ದಾನೆ. ಅವನಿಗೆ ಓದು ಬರುವುದಿಲ್ಲ, ಆ ಧೈರ್ಯದಿಂದ ಬರೆಯುತ್ತಿದ್ದೇನೆ. ನಿನ್ನಪ್ಪ ಸತ್ತಿಲ್ಲ. ಪೂಜಾರಿ ಸುಳ್ಳು ಹೇಳಿದ. ಚಿತೆಯಲ್ಲಿ ನಾವು ಸುಟ್ಟದ್ದು ಅಪ್ಪನ ಬಟ್ಟೆ ಸುತ್ತಿದ ಟಗರನ್ನು. ಅವರನ್ನು ಹಳೆಯ ಗಣಿಯೊಳಗೆ ಮಲಗಿಸಿದ್ದೇನೆ. ಗಾಯ ಕೊಳೆಯುತ್ತಿದೆ, ಇನ್ನೆಷ್ಟು ದಿನವೋ. "ರಾಜ್ಯ ಒಡೆದ್ರಾ?" ಎಂದು ದಿನಾ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಆಮೇಲೆ ನಿನ್ನನ್ನು ಕೇಳುತ್ತಾರೆ. ಬರಬೇಡ. ನೀನು ಗಡಿ ಬಿಟ್ಟು ಬಂದರೆ ಯಾಕೆಂದು ಎಲ್ಲರೂ ಹುಡುಕುತ್ತಾರೆ. ಈ ಪತ್ರ ಸುಟ್ಟುಬಿಡು. ದೇವರ ಬಳಿಗೆ ಹೋದವರಿಗಾಗಿ ಅಳುವುದು ನಮ್ಮಲ್ಲಿಲ್ಲ, ಹಬ್ಬ ಮಾಡುತ್ತೇವೆ; ಆದ್ದರಿಂದ ಯಾರಿಗೂ ಅನುಮಾನ ಬಾರದಂತೆ ನಿನ್ನ ಪಡೆಗೆಲ್ಲ ಮಾಂಸದೂಟ ಹಾಕಿಸು. ಅವರ ಜೊತೆ ಕೂತು ನೀನೂ ಉಣ್ಣು.