ರವಿವಾರದ ಊಟ ಯಾರ ಮನೆಯಲ್ಲಿ?

ಜೂನ್ 23, 2025, ಸೋಮವಾರ. ನಾಸಿಕ್

ಬಿ.ಪಿ. ಮಾತ್ರೆ ಆಯಿತು. ವಾಕಿಂಗ್ ಆಗಲಿಲ್ಲ — ಮೊಣಕಾಲು. ಶಾಲೆಗೆ ಹೋಗಿ ಎಂಟನೆಯ ಕ್ಲಾಸಿನವರಿಗೆ ಭಿನ್ನರಾಶಿ ಕಲಿಸಿದೆ. ಓಝರ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ವಿಮಾನದ ರಿವೆಟ್ ಬಡಿದು ರಿಟೈರ್ ಆದವನಿಗೆ ಇದೇ ಕಷ್ಟದ ಕೆಲಸ.

ಹೆಡ್ ಮೇಡಂ ಭಾಗ್ಯಶ್ರೀ ಕರೆದು ಹೇಳಿದರು: ಹಾಸ್ಟೆಲಿನ ರಾತ್ರಿ ಊಟಕ್ಕೆ ಕೊಡುತ್ತಿದ್ದ ಶೇಠರು ನಿಲ್ಲಿಸಿದ್ದಾರೆ. ಜುಲೈ 15ರೊಳಗೆ ವ್ಯವಸ್ಥೆ ಆಗದಿದ್ದರೆ ಹದಿನೆಂಟು ಮಕ್ಕಳೂ ವಾಪಸ್ ಊರಿಗೆ. ಹೆಚ್ಚಿನವರ ಅಪ್ಪ-ಅವ್ವ ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿ ಚೀಲ ಹೊರುವವರು. ಹೋದ ಮಕ್ಕಳು ತಿರುಗಿ ಬರುವುದಿಲ್ಲ. ನೂರಮೂವತ್ತು ವರ್ಷದ ಶಾಲೆ, ಗೋಡೆ ತುಂಬ ದಾನಿಗಳ ಹೆಸರು, ಅನ್ನಕ್ಕೆ ಗತಿ ಇಲ್ಲ. ದೇಣಿಗೆ ಕೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಕೈ ಚಾಚುವುದೆಂದರೆ ನನಗೆ ಮೈ ಉರಿಯುತ್ತದೆ.

ಜೂನ್ 27, ಶುಕ್ರವಾರ. ಸಂಭಾಜಿನಗರ

ನಾಲ್ಕೂವರೆ ತಾಸು ಬಸ್ಸು. ಊರ ಹೊರಗೆ ಶೇಂದ್ರಾದ ಒಂದು ಫ್ಯಾಕ್ಟರಿಯಲ್ಲಿ ರವಿಕಾಂತ ದೇಣಿಗೆ ಹಣ ನೋಡಿಕೊಳ್ಳುವ ಆಫೀಸರ್ — ನಮ್ಮ ಬೀದರ ಕಡೆಯ ಹುಡುಗ. ಕಾಲು ಮುಟ್ಟಿದ, ಚಹಾ ತರಿಸಿದ, ಫಾರ್ಮ್ ಕೊಟ್ಟ. ದುಡ್ಡು ಮಾತ್ರ ಮಾರ್ಚ್ ಆದಮೇಲೆ, ಈ ವರ್ಷದ್ದು ಹಂಚಿ ಆಗಿದೆ ಎಂದ. ಹಸಿವೆಗೆ ಮಾರ್ಚ್ ಗೊತ್ತಿಲ್ಲವಲ್ಲಪ್ಪಾ ಎಂದೆ. ಪಾಪ, ಇನ್ನೊಂದು ಚಹಾ ತರಿಸಿದ.

ಜುಲೈ 3, ಗುರುವಾರ

ಮೇಡಂಗೆ ಹಳೆಯ ಕಪಾಟಿನಲ್ಲಿ ಒಂದು ರಿಜಿಸ್ಟರ್ ಸಿಕ್ಕಿದೆ. ನೂರು ವರ್ಷದ ಹಿಂದೆ ಇಲ್ಲಿಯ ಬಡ ಮಕ್ಕಳಿಗೆ ವಾರಾನ್ನ — ಯಾವ ದಿನ ಯಾರ ಮನೆಯಲ್ಲಿ ಊಟ, ಹೆಸರು ಸಮೇತ. ದುಡ್ಡು ಬೇಡ ಸರ್, ವಾರ ಕೇಳೋಣ, ಒಂದೊಂದು ಹೋಟೆಲಿಗೆ ಒಂದೊಂದು ದಿನ ಎಂದರು. ಒಳ್ಳೆಯ ವಿಚಾರ. ನಾನು ಮಾತ್ರ ರಿಜಿಸ್ಟರ್ ಮುಚ್ಚಿ ಪಕ್ಕಕ್ಕೆ ಸರಿಸಿದೆ.

ಜುಲೈ 5, ಶನಿವಾರ

ಕೆಲಸ ಕೆಡಿಸಿದೆ.

ಕುಂದಾಪುರದ ಕಿಟ್ಟಣ್ಣ ಇಲ್ಲಿಯ ಹೋಟೆಲಿನವರಿಗೆಲ್ಲ ಹಿರಿಯರು. ಅವರು ಹೂಂ ಅಂದರೆ ಉಳಿದವರೂ ಹೂಂ. ನನ್ನ ಮಾತು ಮುಗಿಯುವ ಮೊದಲೇ ಒಪ್ಪಿದರು. ಆಮೇಲೆ —

"ಆರೂವರೆಗೆ ಕಳಿಸಿ. ಹಿಂದಿನ ಬಾಗಿಲಲ್ಲಿ ಬರ್ಲಿ, ಅಡುಗೆಕೋಣೆಯಲ್ಲೇ ಕೂರ್ಲಿ."

ಎದ್ದೆ. "ನಮ್ಮ ಮಕ್ಕಳು ಭಿಕ್ಷಾ ಬೇಡವ್ರಲ್ರಿ" ಎಂದೆ. ಬಂದುಬಿಟ್ಟೆ. ಕಾಫಿ ಅಲ್ಲೇ ಉಳಿಯಿತು.

ಜುಲೈ 6, ರವಿವಾರ

ಸಂಗಮ್ಮ ಬಿಡಲಿಲ್ಲ, ಅಷ್ಟು ಸಿಟ್ಟು ಯಾಕೆ ಬಂತು ಎಂದು. ಮದುವೆಯಾದ ನಲವತ್ತೊಂದು ವರ್ಷಕ್ಕೆ ಹೆಂಡತಿಗೆ ಹೇಳಿದೆ. ಬೀದರಿನಲ್ಲಿ ನಾನೂ ವಾರಾನ್ನದ ಹುಡುಗ. ಬುಧವಾರದ ಮನೆಯಲ್ಲಿ ಹಿತ್ತಲ ಬಾಗಿಲು, ದನದ ಕೊಟ್ಟಿಗೆಯ ಪಕ್ಕ ತಾಟು. ಆ ಮನೆಯ ಮಗ ನನ್ನ ಕ್ಲಾಸಿನವನೇ.

ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು —

"ನಿಮ್ಮ ಸಿಟ್ಟಿಗೆ ಆ ಹುಡುಗ್ರು ಯಾಕ ಉಪಾಸ ಬೀಳಬೇಕ್ರಿ?"

ಜುಲೈ 12, ಶನಿವಾರ

ಮನಸ್ಸು ಗಟ್ಟಿಯಾಗಲು ಆರು ದಿನ ಬೇಕಾಯಿತು. ಆರೂವರೆಗೆ, ಹಿಂದಿನ ಬಾಗಿಲಿನಿಂದಲೇ ಹೋದೆ. ಅಡುಗೆಕೋಣೆಯಲ್ಲಿ ಉದ್ದ ಬೆಂಚು. ಕಿಟ್ಟಣ್ಣ, ಹೆಂಡತಿ ಮನೋರಮಾ, ಎಂಜಿನಿಯರಿಂಗ್ ಓದುವ ಮಗ ನಿತೀಶ್, ಅಡುಗೆ ಭಟ್ಟರು, ಪಾತ್ರೆ ತೊಳೆಯುವವರು — ಎಲ್ಲರೂ ಒಂದೇ ಸಾಲಿನಲ್ಲಿ ಕುಚ್ಚಲಕ್ಕಿ ಅನ್ನ ಉಣ್ಣುತ್ತಿದ್ದರು. ಕಿಟ್ಟಣ್ಣ ಸರಿದು ಜಾಗ ಮಾಡಿದರು.

"ನಾವು ಮನೆಯವರು ಉಣ್ಣೋದು ಇಲ್ಲೇ, ರೇವಣಪ್ನವ್ರೆ. ಹೊರಗೆ ಕೂರೋದು ಗಿರಾಕಿಗಳು. ಮಕ್ಕಳನ್ನ ಗಿರಾಕಿ ಮಾಡೂದಾ?"

ನಾಚಿಕೆಯಿಂದ ಸತ್ತೆ. ತಪ್ಪಾಯಿತು ಎಂದೆ. ಮನೋರಮಾ ತಾಟು ಇಟ್ಟರು. ಉಂಡೆ.

ಜುಲೈ 14, ಸೋಮವಾರ

ಕಿಟ್ಟಣ್ಣ ತಮ್ಮ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಐದು ಹೋಟೆಲು ಸುತ್ತಿಸಿದರು. ಆರು ದಿನ ತುಂಬಿತು! ರವಿವಾರ ಮಾತ್ರ ಎಲ್ಲರಿಗೂ ಗಿರಾಕಿಗಳ ಗದ್ದಲ, ಆಗುವುದಿಲ್ಲ ಅಂದರು. ನಾಳೆಯೇ 15. ಮೇಡಂಗೆ ಏನು ಹೇಳಲಿ ಎಂದು ಮನೆಯಲ್ಲಿ ಗೊಣಗಿದೆ. ಸಂಗಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ರವಿವಾರ ನಮ್ಮ ಮನಿ ಅಂತ ಬರೀರಿ."

ಹದಿನೆಂಟು ಮಕ್ಕಳು. ಇರುವುದು ಎರಡು ಖೋಲಿ. ಬರೆದೆ.

ಜುಲೈ 20, ರವಿವಾರ. ಸಂಜೆ ಆರು

ಮಧ್ಯಾಹ್ನದಿಂದ ರೊಟ್ಟಿ ಬಡಿಯುತ್ತಿದ್ದಾಳೆ. ಎಣ್ಣೆಗಾಯಿ ಆಗಿದೆ, ಶೇಂಗಾ ಹಿಂಡಿ ಆಗಿದೆ. ನಾನು ಮಂಚ ಎತ್ತಿ ನಿಲ್ಲಿಸಿ, ನೆಲ ಒರೆಸಿ, ಮೂರು ಸಲ ಗೇಟಿನ ತನಕ ಹೋಗಿ ಬಂದೆ. ನಮ್ಮ ಖಾರ ಮಕ್ಕಳಿಗೆ ಆಗುತ್ತದೋ ಇಲ್ಲವೋ... ನಾಚಿಕೊಂಡು ಅರ್ಧ ಹೊಟ್ಟೆಯಲ್ಲಿ ಎದ್ದರೆ? ನಾನು ಹಾಗೇ ಏಳುತ್ತಿದ್ದೆ. ಇನ್ನೊಂದು ಬೇಕು ಅನ್ನಲು ಬಾಯಿ ಬರುತ್ತಿರಲಿಲ್ಲ. ಕೇಳದೇ ಬಡಿಸು ಎಂದು ಸಂಗಮ್ಮನಿಗೆ ಹೇಳಬೇಕು. ಪ್ರತಿಯೊಬ್ಬರಿಗೂ, ಎರಡೆರಡು ಸಲ, ಕೇಳದೇ —

ಮೆಟ್ಟಿಲ ಮೇಲೆ ಮರಾಠಿ ಗಲಾಟೆ. ಬಂದರು. ಮೊದಲು ನಾನೇ ಹೋಗಿ ಮುಂಬಾಗಿಲು ಪೂರ್ತಿ ತೆರೆಯಬೇಕು.