ಒರೆಸಿ ಹಾಕಿದ ಹಳದಿ ಗುರುತು

ಪುಟ್ಟೇನಹಳ್ಳಿ, ಯಲಹಂಕ
೧೧ ಆಗಸ್ಟ್ ೨೦೧೬, ಗುರುವಾರ

ಪ್ರೀತಿಯ ಅಳಿಯಂದಿರಾದ ವಾಸು ಅವರಿಗೆ,

ಆರೋಗ್ಯವಾಗಿದ್ದೀರಾ? ಹೊಸೂರಿನ ಮೆಸ್ ಊಟ ನಿಮ್ಮ ಹೊಟ್ಟೆಗೆ ಒಗ್ಗಿದೆಯೋ ಇಲ್ಲವೋ ಅಂತ ನಿಮ್ಮ ಅತ್ತೆ ದಿನಕ್ಕೆ ಹತ್ತು ಸಲ ನನ್ನನ್ನು ಕೇಳುತ್ತಾಳೆ. ನಾನೇನು ಅಲ್ಲಿ ಸೌಟು ಹಿಡಿದುಕೊಂಡು ನಿಂತಿದ್ದೇನೆಯೇ? ರಾಣಿ ಚೆನ್ನಾಗಿದ್ದಾಳೆ. ಮಗುವಿಗೆ ಮೊನ್ನೆ ಮೂರು ತಿಂಗಳು ತುಂಬಿತು. ಮೂಗು ನಿಮ್ಮದು, ಕೋಪ ನನ್ನದು, ಅದೊಂದು ಕೆಟ್ಟದ್ದಾಯಿತು. ಹೆರಿಗೆಯಾದಾಗ ಆಸ್ಪತ್ರೆಗೆ ಬಂದು, ಮಗುವನ್ನು ನೋಡಿ, ನನ್ನ ಮುಖ ಮಾತ್ರ ನೋಡದೆ ಹೋದಿರಿ. ಎಲ್ಲರ ಕೈಯಲ್ಲೂ ಫೋನಿರುವ ಕಾಲದಲ್ಲಿ ಮಾವ ಕಾಗದ ಬರೆಯುತ್ತಾನಲ್ಲ ಅಂತ ನಗಬೇಡಿ. ಕಾರಣವಿದೆ.

ಮಾರ್ಚ್‌ನಲ್ಲಿ ನಡೆದದ್ದನ್ನು ನೀವೂ ಮರೆತಿಲ್ಲ, ನಾನೂ ಮರೆತಿಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಿಮಾನದ ಭಾಗಗಳಿಗೆ ಅಲ್ಯೂಮಿನಿಯಂ ಕೊರೆದವನು ನಾನು. ಈಗಿನ ದೊಡ್ಡ ವಿಮಾನಗಳಲ್ಲಿ ಅರ್ಧಕ್ಕರ್ಧ ಲೋಹವೇ ಇಲ್ಲ, ಇಂಗಾಲದ ನಾರಿನ ಕರೀ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಒಲೆಯಲ್ಲಿ ಬೇಯಿಸಿ ರೆಕ್ಕೆ ಮಾಡುತ್ತಾರೆ ಎಂದಾಗ ಈ ವಯಸ್ಸಿನಲ್ಲೂ ಕಲಿತೆ. ನೀರು ಚಿಮ್ಮಿಸಿ ಒಳಗಿನ ಪದರ ನೋಡುವ ಯಂತ್ರವೂ ಬಂತು. ಬಾಗಿದ ಅಂಚಿಗೆ ಅದರ ಮೂತಿ ತಲುಪದು, ಅಲ್ಲಿಗೆ ಈ ದಾಸಪ್ಪನ ನಾಣ್ಯವೇ ಬೇಕು ಅಂತ ಎಷ್ಟು ಮೆರೆದೆ! ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವಂತೆ ನಾವು ನಾಣ್ಯದಿಂದ ಬಡಿಯುವುದು. ಟಣ್ ಅಂದರೆ ಪದರ ಕೂಡಿದೆ, ಡಬ್ ಅಂದರೆ ಒಳಗೆ ಬಿಟ್ಟಿದೆ. ನಿಮಗೆ ಕಲಿಸಿದ್ದೂ ನಾನೇ. ಅವತ್ತು ಒಂದು ಪ್ಯಾನೆಲ್ಲಿನ ಅಂಚಿಗೆ ನೀವು ಹಳದಿ ಗುರುತು ಹಾಕಿ, “ಮಾವ, ಇಲ್ಲಿ ಡಬ್ ಅಂತಿದೆ, ಇನ್ನೊಂದ್ ಸಲ ನೋಡಿ” ಅಂದಿರಿ. ಬಡಿದೆ. ಎಲ್ಲಾ ಕಡೆಯೂ ಒಂದೇ ಥರ ಕೇಳಿಸಿತು. ಇಡೀ ಶಿಫ್ಟಿನವರ ಎದುರು, “ಮನೆ ಅಳಿಯ ಅಂತ ತಂದು ಸೇರಿಸಿದ್ರೆ ನನ್ ಕಿವಿಗೇ ಪಾಠ ಹೇಳ್ತೀಯೇನೋ?” ಅಂತ ಕೂಗಾಡಿ, ಗುರುತನ್ನು ಬಟ್ಟೆಯಿಂದ ಒರೆಸಿ, ನೀವು ಬರೆದಿದ್ದ ಚೀಟಿ ಹರಿದು, ಸರಿಯಿದೆ ಅಂತ ನನ್ನ ಸೀಲು ಒತ್ತಿದೆ. ನೀವು ಕೈಗವಸು ಕಳಚಿಟ್ಟು ಹೊರಟಿರಿ. ಆ ವಾರವೇ ಹೊಸೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿದಿರಿ.

ಕಳೆದ ಭಾನುವಾರ ರಾಣಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮಗುವನ್ನು ನೋಡಿಕೊಳ್ಳಲು ನನಗೆ ಹೇಳಿದ್ದಳು. ತೊಟ್ಟಿಲು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ, ನಾನು ಪೇಪರ್ ಓದುತ್ತಿದ್ದೆ. ಕೆಳಗಿನ ಮನೆಯ ಜಹೀರಾ ಓಡಿ ಬಂದು ಮಗುವನ್ನು ಬಾಚಿಕೊಂಡಳು. ಅತ್ತೂ ಅತ್ತೂ ಅದರ ಮುಖ ಕಪ್ಪಿಟ್ಟಿತ್ತು, ಉಸಿರು ಕಟ್ಟಿತ್ತು. “ಅಪ್ಪಾ, ಕೆಳಗಿನ್ ಮನೆಗ್ ಕೇಳಿಸ್ತು, ನಿಮಗ್ ಕೇಳಿಸ್ಲಿಲ್ವಾ?” ಅಂತ ರಾಣಿ ಕಿರುಚಿದಳು. ಈಗ ಮಗು ಸರಿಯಿದೆ, ಗಾಬರಿಯಾಗಬೇಡಿ. ಆದರೆ ಅಷ್ಟಗಲ ಬಾಯಿ ತೆರೆದಿತ್ತು ವಾಸು, ನನಗೆ ಕೇಳಿಸಿದ್ದು ದೂರದಲ್ಲೆಲ್ಲೋ ಬೆಕ್ಕು ಕೂಗಿದಷ್ಟು.

ಸೋಮವಾರ ಕಾರ್ಖಾನೆಯಲ್ಲಿ, ಹೊಸಬರಿಗೆ ಕಲಿಸಲೆಂದು ಇಟ್ಟಿರುವ ಎರಡು ತುಂಡು ತೆಗೆದುಕೊಂಡೆ. ಒಂದು ಒಳ್ಳೆಯದು, ಒಂದು ಬೇಕೆಂದೇ ಕೆಡಿಸಿದ್ದು. ಕಣ್ಣು ಮುಚ್ಚಿ ಹತ್ತು ಸಲ ಬಡಿದೆ. ಹತ್ತು ಸಲವೂ ಎರಡೂ ಒಂದೇ. ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಕಿವಿ ಎರಡು ವರ್ಷದಿಂದಲೇ ಹೋಗುತ್ತಿದೆ ಅಂದರು ಡಾಕ್ಟರು. ಫೋನ್ ಮಾಡದಿರುವುದು ಅದಕ್ಕೇ, ನೀವು ಬೈದರೂ ನನಗೆ ಕೇಳಿಸದು. ದೇವನಹಳ್ಳಿಯಿಂದ ಎದ್ದ ವಿಮಾನ ಮನೆಯ ಮೇಲೆ ಹೋದರೆ ಮೊದಲೆಲ್ಲ ಹೊರಗೆ ಬಂದು ಎಲ್ಲರಿಗೂ ತೋರಿಸುತ್ತಿದ್ದೆ. ಈಗ ಹೊರಗೆ ಬರಲೇ ಭಯ. ಅದರೊಳಗೆ ಎಷ್ಟು ಮಕ್ಕಳು ಕಿಟಕಿಗೆ ಮೂಗೊತ್ತಿಕೊಂಡು ಕೂತಿರುತ್ತವೋ.

ಮನೆಯಲ್ಲಿ ‘ನೀವು’, ಕಾರ್ಖಾನೆಯಲ್ಲಿ ‘ನೀನು’ ಅಂದ ನಾಲಿಗೆ ಇದು. ತಪ್ಪಾಯಿತು. ದೊಡ್ಡವರು ಕೈಮುಗಿದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆ ಅಂತ ನಿಮ್ಮ ಅತ್ತೆ ಬಿಡುವುದಿಲ್ಲ. ಕಾಗದದಲ್ಲಿ ಮುಗಿದಿದ್ದೇನೆ, ಅವಳಿಗೆ ಹೇಳಬೇಡಿ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ಮಾವ,
ದಾಸಪ್ಪ

ಮಡಿಸಿದ ಮೇಲೆ ಬರೆಯುತ್ತಿದ್ದೇನೆ: ಪಕ್ಕದ ಮನೆಯ ಆನಂದಪ್ಪ ಹೊಸೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಕೆಳಗೆ ಹಾರನ್ ಹೊಡೆಯುತ್ತಿದ್ದಾನಂತೆ. ನಿನ್ನೆ ಎಲ್ಲವನ್ನೂ ಮ್ಯಾನೇಜರಿಗೆ ಬರೆದುಕೊಟ್ಟೆ. ನನ್ನ ಸೀಲು ತೆಗೆದುಕೊಂಡರು, ಅದು ಸರಿಯೇ. ಎರಡು ವರ್ಷದ ಮಾಲನ್ನೆಲ್ಲ ಮತ್ತೆ ನೋಡಿಸಲು ತಿಂಗಳುಗಳೇ ಬೇಕಂತೆ. “ನಿಮ್ ಅಳಿಯ ಗುರ್ತು ಹಾಕಿದ್ದನ್ನ ಮೊದ್ಲು ಹಿಡಿಯೋಣ, ಯಾವ್ದು ಹೇಳಿ” ಅಂದರು. ನನಗೆ ಗೊತ್ತಿಲ್ಲ ವಾಸು. ಅವತ್ತು ಹನ್ನೊಂದು ಪ್ಯಾನೆಲ್ಲಿಗೆ ಸೀಲು ಒತ್ತಿದ್ದೇನೆ. ಹನ್ನೊಂದೂ ಬೇರೆ ಬೇರೆ ವಿಮಾನಕ್ಕೆ ಹೋಗಿವೆ, ಕೆಲವು ಆಗಲೇ ಹಾರುತ್ತಿವೆ. ನಿಮ್ಮ ಚೀಟಿಯಲ್ಲಿದ್ದ ಪ್ಯಾನೆಲ್ ನಂಬರನ್ನು ಓದದೆಯೇ ಹರಿದೆ. ರಾಣಿ ಫೋನಿನಲ್ಲಿ ‘ಅಪ್ಪ’ ಅಂದ ಕೂಡಲೇ ಇಟ್ಟುಬಿಡುತ್ತೀರಂತೆ, ಮೆಸೇಜನ್ನೂ ನೋಡುವುದಿಲ್ಲವಂತೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಮನೆಗೂ ಬರಬೇಡಿ. ನೀವೇ ಬರೆದ ನಂಬರು, ನಿಮಗೆ ನೆನಪಿರುತ್ತದೆ. ಅದೊಂದನ್ನು ರಾಣಿಗೆ ಹೇಳಿ, ಇವತ್ತೇ. ಅವಳು ಬರೆದು ತೋರಿಸುತ್ತಾಳೆ.