ಹಸಿರು ಗೆರೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ನನ್ನ ಗುಬ್ಬೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಬೆನ್ನುನೋವು ಅಂದಿದ್ದೆಯಲ್ಲ, ಕಡಿಮೆಯಾಯಿತೇ? ನನ್ನದು ಇದ್ದ ಹಾಗೇ ಇದೆ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಈ ಮಂಡಿಗಳು ಈಗ ಅಡುಗೆಮನೆಯಲ್ಲಿ ನಿಲ್ಲಲು ತಕರಾರು ತೆಗೆಯುತ್ತವೆ. ಅಜ್ಜಿ ಹೋಗಿ ಇಪ್ಪತ್ತಾರು ದಿನವಾಯಿತು. ಇವತ್ತೂ "ಇವಳೇ, ಉಪ್ಪೆಲ್ಲಿ?" ಎಂದು ಕೂಗಿದೆ. ಆಮೇಲೆ ಒಲೆ ಆರಿಸಿ ನಾನೇ ಹುಡುಕಿದೆ. ಎದೆ ಬಿರಿಯುತ್ತದೆ ಮಗೂ, ಮುಚ್ಚಿಟ್ಟು ಏನು ಮಾಡಲಿ.

ನಿನ್ನ ಮೆಸೇಜು ಓದಿದೆ. ನಿನ್ನ ಆಪ್ ಗಂಟೆ ಬಾರಿಸದೆ ಅಜ್ಜಿಗೆ ಮಾತ್ರೆ ತಪ್ಪಿತೋ ಏನೋ, ಇನ್ನು ಆ ಕೆಲಸದ ಮುಖ ನೋಡಲಾರೆ ಎಂದು ಬರೆದಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಈ ಕಾಗದ.

ನೀನು ಆ ಆರು ಜನರ ಸ್ಟಾರ್ಟಪ್ಪಿಗೆ ಇಂಟರ್ನ್ ಆಗಿ ಸೇರಿದ ದಿನ ಅಜ್ಜಿಯ ಕಾಲು ನೆಲದ ಮೇಲಿರಲಿಲ್ಲ. "ಸ್ಟಾರ್ಟಪ್ ಅಂದ್ರೇನ್ರೀ?" ಅಂದಳು. "ತಳ್ಳಿ ಸ್ಟಾರ್ಟ್ ಮಾಡೋ ಬಸ್ಸು ಕಣೇ, ಎಲ್ರೂ ಇಳಿದು ತಳ್ಬೇಕು" ಅಂದೆ. ಅಂದಿನಿಂದ ಅವಳೂ ಸೆರಗು ಕಟ್ಟಿ ತಳ್ಳಲು ನಿಂತಳು. ಮಾತ್ರೆಯ ಹೊತ್ತು ನೆನಪಿಸುವ ಆಪ್ ನಮ್ಮ ಫೋನಿಗೇ ಮೊದಲು ಬಂತೆಂದು ಬೀದಿಗೆಲ್ಲ ಡಂಗುರ ಸಾರಿದಳು. ಬೆಳಗ್ಗೆ ಎಂಟಕ್ಕೆ ಅವಳ ಬಿಪಿ ಮಾತ್ರೆಯ ಗಂಟೆ. "ಹತ್ತು ನಿಮಿಷದೊಳಗೆ 'ತಗೊಂಡೆ' ಅಂತ ಒತ್ತಿಬಿಡಿ ಅಜ್ಜಾ, ತಡ ಆದ್ರೆ ಆಫೀಸಲ್ಲಿ ಕೆಂಪು ಗೆರೆ ಬರುತ್ತೆ" ಎಂದು ನೀನು ಹೇಳಿದ್ದೆ. ನಾನು ಬಸ್ಸು ಬಿಡಿಸುವವನ ಹಾಗೆ "ರೈಟ್!" ಎಂದು ಕೂಗಿ ಒತ್ತುತ್ತಿದ್ದೆ. ಒಂದು ದಿನವೂ ಕೆಂಪು ಬರಲಿಲ್ಲ. ನಿಮ್ಮ ಬಾಸು ಎಲ್ಲರೆದುರು ನಮ್ಮ ಹಸಿರು ಗೆರೆ ತೋರಿಸಿ ನಿನ್ನನ್ನು ಹೊಗಳಿದ್ದನ್ನು ಅಜ್ಜಿ ನನ್ನಿಂದ ಮೂರು ಸಲ ಹೇಳಿಸಿ ಕೇಳಿದಳು.

ಕೆಲಸ ಬಿಡಬೇಡ. ನಾನು ಸೇರಿದ ಹೊಸದರಲ್ಲಿ ಒಬ್ಬ ಮುದುಕಿಯನ್ನು ತಪ್ಪಿ ಬೇರೆ ಯಾವುದೋ ಸ್ಟಾಪಿನಲ್ಲಿ ಇಳಿಸಿ, ಆಮೇಲೆ ಗೊತ್ತಾಗಿ ಅತ್ತಿದ್ದೆ. "ಅತ್ರೆ ಬಸ್ಸು ಹಿಂದಕ್ಕೆ ಹೋಗಲ್ಲ ಕಣಯ್ಯ, ನಾಳೆಯಿಂದ ಸ್ಟಾಪ್ ಹೆಸ್ರು ಕೂಗು" ಅಂದಿದ್ದರು ನಮ್ಮ ಡ್ರೈವರಣ್ಣ. ರಿಟೈರ್ ಆಗುವವರೆಗೂ ಕೂಗಿದೆ. ಮೊದಲ ಕೆಲಸದಲ್ಲಿ ಕಲಿಯುವುದು ಅಷ್ಟೇ.

ನಿನ್ನ ರೂಮಿನ ಗೆಳತಿಗೂ ನನ್ನ ಆಶೀರ್ವಾದ ತಿಳಿಸು. ತಣ್ಣಗಿರು ಮಗೂ.

ನಿನ್ನ,
ಕಂಡಕ್ಟರ್ ಅಜ್ಜ

ಮತ್ತೆ: ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಗಂಟೆ ಒಂದು ದಿನವೂ ತಪ್ಪಲಿಲ್ಲ. ಮಾತ್ರೆ ತಿಂಡಿಯಾದ ಮೇಲೆ ನುಂಗುವಂಥದ್ದು, ನಮ್ಮ ತಿಂಡಿ ಒಂಬತ್ತಕ್ಕೆ. ನಿನಗೆ ಎಂಟು ಅಂತ ಬಾಯಿತಪ್ಪಿ ಹೇಳಿದವನು ನಾನೇ. "ಮಗು ಕೆಲ್ಸ ರೀ, ಮೊದ್ಲು ಒತ್ತಿ, ಆಮೇಲೆ ನುಂಗ್ತೀನಿ" ಅನ್ನುತ್ತಿದ್ದಳು ಅಜ್ಜಿ. ಒತ್ತುತ್ತಿದ್ದೆ. ಆಮೇಲೆ ಇಬ್ಬರಿಗೂ ಮರೆವು. ನಿನ್ನೆ ಅವಳ ಡಬ್ಬಿ ತೆಗೆದರೆ ಎರಡು ತಿಂಗಳ ಮಾತ್ರೆ ಹಾಗೇ ಇದೆ. ನಿನ್ನ ಆಪ್ ತಿಂಡಿಯಾದ ಮೇಲೆ ಇನ್ನೊಂದು ಸಲ ಕೇಳುವ ಹಾಗೆ ಮಾಡು, ಅದಕ್ಕಾದರೂ ನೀನು ಅಲ್ಲಿರಬೇಕು. ಜನ ಹತ್ತುವ ಮುಂಚೆಯೇ ಕಂಡಕ್ಟರ್ ರೈಟ್ ಅಂದರೆ ಡ್ರೈವರ್ ಏನು ಮಾಡಿಯಾನು, ಗುಬ್ಬೀ? ರೈಟ್ ಅಂದವನು ನಾನು.